ಕ್ಯಾಮೆರಾ ಆಫ್ ಮಾಡಿ ಓದಿದ ೧೮೪೭

ಗಲ್ಫಿನ ನಮ್ಮ ಕರಾಮ ಬಡಾವಣೆಯ ಮಕ್ಕಳೆಲ್ಲ ಮನೆಯೊಳಗೇ ಕುಳಿತು ಶಾಲೆ ಕಲಿಯುತ್ತಿದ್ದ ಕೊರೋನಾ ಕಾಲ ಅದು. ಬಾಗಿಲು ತೆರೆದರೆ ಕಾರಿಡಾರಿನಲ್ಲಿ ಸ್ಯಾನಿಟೈಸರಿನ ವಾಸನೆ. ಆಟವೆಂದರೆ ಎದುರು ಬಾಲ್ಕನಿಯ ಹುಡುಗಿಯ ಜೊತೆ ಕೈಸನ್ನೆಯಲ್ಲಿ ಸಿನಿಮಾ ಹೆಸರು ಹೇಳುವುದು. ನನಗೆ ಹದಿಮೂರು ವರ್ಷ. ದೂರದ ಅಬುಧಾಬಿಯ ರುವೈಸಿನಲ್ಲಿ ಟೆಕ್ನಿಶಿಯನ್ ಆಗಿದ್ದ ಅಪ್ಪ ವಾರಕ್ಕೊಮ್ಮೆ ಬರುತ್ತಿದ್ದರು. ಅಬುಧಾಬಿಯ ಗಡಿ ಮುಚ್ಚಿದ ಮೇಲೆ ಅಲ್ಲೇ ಉಳಿದರು.

ಇತಿಹಾಸ ಕಲಿಸುತ್ತಿದ್ದ ಮಿಸ್ ನೋರಾ ಐರ್ಲೆಂಡಿನವರು. ತಮ್ಮ ದೇಶದ ಒಂದೊಂದು ವರ್ಷವನ್ನು ನಮಗೆಲ್ಲ ಹಂಚಿದರು. ನನ್ನ ಪಾಲಿಗೆ ಬಂದದ್ದು ೧೮೪೭. ಬಟಾಟೆಗೆ ರೋಗ ಬಿದ್ದು ಶುರುವಾದ ಕ್ಷಾಮ ಆ ವರ್ಷವೂ ಬಿಡಲಿಲ್ಲ. ಜನ ಗಂಜಿಕೇಂದ್ರಗಳ ಮುಂದೆ ಸಾಲು ನಿಂತರು. ಕೆನಡಾದ ಹಡಗು ಹತ್ತಿದವರಲ್ಲಿ ಎಷ್ಟೋ ಮಂದಿ ಜ್ವರದಿಂದ ದಾರಿಯಲ್ಲೇ ಸತ್ತರು. ದೇಶದ ಧಾನ್ಯ ಮಾತ್ರ ಬೇರೆ ಹಡಗುಗಳಲ್ಲಿ ಹೊರಗೆ ಹೋಗುತ್ತಲೇ ಇತ್ತು.

ಬರೆದದ್ದನ್ನು ಫೋನಿನಲ್ಲಿ ಅಪ್ಪನಿಗೆ ಓದಿದೆ. ಅವರು ಮಲ್ಪೆಯ ಮೀನುಗಾರರ ಮನೆಯವರು.

"ಸುತ್ತ ಸಮುದ್ರ ಉಂಟಲ್ಲ ಮಗಾ, ಮೀನು ಹಿಡಿದು ತಿನ್ಲಿಕ್ಕೆ ಎಂತ ಆಗಿತ್ತು ಅವರಿಗೆ?" ಎನ್ನುತ್ತಾ ಎರಡು ಸಲ ಕೆಮ್ಮಿದರು.

"ಗೊತ್ತಿಲ್ಲಪ್ಪ."

"ಟೀಚರ್ ಹತ್ರ ಕೇಳಿ ನನಗೆ ಹೇಳು."

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಒಂಬತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ, ಅಪ್ಪ ಹೋದರು ಎಂದು ಅವರ ಗೆಳೆಯರು ಫೋನ್ ಮಾಡಿದರು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಹಾಲು ಉಕ್ಕಿ ಸೀದ ವಾಸನೆ ಬಂದಾಗ ನಾನೇ ಗ್ಯಾಸ್ ಆರಿಸಿದೆ. ಅಳು ಬರಲಿಲ್ಲ. ಏನು ಮಾಡಬೇಕೆಂದೂ ತಿಳಿಯಲಿಲ್ಲ. ಹತ್ತಕ್ಕೆ ತರಗತಿಯಲ್ಲಿ ನನ್ನ ಸರದಿ ಇತ್ತು. ಲ್ಯಾಪ್‌ಟಾಪ್ ತೆರೆದು, ಕ್ಯಾಮೆರಾ ಆಫ್ ಮಾಡಿ, ೧೮೪೭ನ್ನು ಜನವರಿಯಿಂದ ಡಿಸೆಂಬರಿನವರೆಗೆ ಓದಿ ಮುಗಿಸಿದೆ.

"ತುಂಬ ಚೆನ್ನಾಗಿತ್ತು. ಏನಾದರೂ ಕೇಳುವುದಿದೆಯಾ?" ಎಂದರು ಮಿಸ್ ನೋರಾ.

"ಅವರು ಮೀನು ಯಾಕೆ ಹಿಡಿಯಲಿಲ್ಲ ಅಂತ ನನ್ನ ಅಪ್ಪ ಕೇಳಿದ್ದಾರೆ."

"ಒಳ್ಳೆಯ ಪ್ರಶ್ನೆ. ಹಸಿವು ತಾಳಲಾರದೆ ಎಷ್ಟೋ ಜನ ಮೊದಲೇ ಬಲೆ, ದೋಣಿ ಎಲ್ಲ ಮಾರಿಬಿಟ್ಟಿದ್ದರು. ಸಮುದ್ರದಲ್ಲಿ ಮೀನಿತ್ತು, ಇವರ ಕೈ ಖಾಲಿ. ಅಪ್ಪನಿಗೆ ಹೇಳು."

"ಯೆಸ್ ಮಿಸ್," ಎಂದೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾರ ಹತ್ರ ಮಾತಾಡುದು ನೀನು?"

"ಕ್ಲಾಸ್, ಅಮ್ಮ."

ಅವಳು ಒಳಗೆ ಹೋದಳು. ಮಧ್ಯಾಹ್ನ ಮೇಲಿನ ಮನೆಯ ಭಟ್ಕಳದ ಆಂಟಿ ಬಾಗಿಲಾಚೆ ಗಂಜಿಯ ಪಾತ್ರೆ ಇಟ್ಟು, "ಅಮ್ಮನಿಗೂ ಸ್ವಲ್ಪ ತಿನ್ಸು, ಮಗಾ" ಎಂದು ದೂರದಿಂದಲೇ ಹೇಳಿ ಹೋದರು. ಅಮ್ಮ ಮುಟ್ಟಲಿಲ್ಲ. ನಾನು ಹೊಟ್ಟೆ ತುಂಬ ತಿಂದೆ. ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ಅಪ್ಪನ ಅಂತ್ಯಕ್ರಿಯೆ ಅಬುಧಾಬಿಯಲ್ಲೇ ಮುಗಿಯಿತು. ಗೆಳೆಯರು ಕಳಿಸಿದ ವಿಡಿಯೊವನ್ನು ಅಮ್ಮ ನೋಡಲಿಲ್ಲ. ನಾನು ನೋಡಿದೆ.

ಈಗ ನಾನು ಇದೇ ಊರಿನ ಅಲ್ ಮುರಕ್ಕಬಾತಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಐರ್ಲೆಂಡಿನ ಆ ವರ್ಷದ ಒಂದೊಂದು ತಿಂಗಳೂ ಇಂದಿಗೂ ಬಾಯಿಪಾಠ. ಅಪ್ಪ ಹೋದ ಮೇಲಿನ ನಮ್ಮ ತಿಂಗಳುಗಳಲ್ಲಿ ಒಂದೂ ನೆನಪಿಲ್ಲ.

"ಆಗ ನೀನು ಒಂದು ಸಲ ಆದ್ರೂ ಅತ್ತದ್ದುಂಟಾ?" ಎಂದು ಅಮ್ಮ ಮೊನ್ನೆ ಕೇಳಿದಳು.

"ಹೌದಮ್ಮ, ಬಾತ್‌ರೂಮಲ್ಲಿ," ಎಂದು ಸುಳ್ಳು ಹೇಳಿದೆ.

ಅಮ್ಮನ ಮುಖದಲ್ಲಿ ಸಮಾಧಾನ ಕಂಡಿತು.