ತಿರುವಿನ ಒಳಬದಿ

ತಕ್ಕಡಿ ರಿಪೇರಿಯವನ ಹೆಂಡತಿಗೆ ಬೈಕು ಕಲಿಯುವ ಆಸೆ ಯಾವತ್ತೂ ಇರಲಿಲ್ಲ. ಹತ್ತೊಂಬತ್ತು ವರ್ಷ ಗಂಡನ ಬೆನ್ನ ಹಿಂದೆ ಕೂತಿದ್ದಳು. ತಿರುವು ಬಂದರೆ ಕಣ್ಣು ಮುಚ್ಚುತ್ತಿದ್ದಳು. ಅವಳಿಗೆ ಗೊತ್ತಿದ್ದ ಬೈಕು ಅಷ್ಟೇ.

ಗಂಡ ಊರೂರು ತಿರುಗಿ ಅಂಗಡಿಗಳ ತಕ್ಕಡಿ ಸರಿಮಾಡುತ್ತಿದ್ದ. ಹೋದ ವರ್ಷ ಮಳೆಯಲ್ಲಿ, ಗುಡ್ಡದ ರಸ್ತೆಯ ಒಂದು ತಿರುವಿನಲ್ಲಿ ಬಿದ್ದ. ಹೆಲ್ಮೆಟ್ಟಿನ ಪಟ್ಟಿ ಹಾಕಿರಲಿಲ್ಲ. ತಲೆ ಕಲ್ಲಿಗೆ ಬಡಿಯಿತು. ಪೊಲೀಸರು ಕಾಗದದಲ್ಲಿ ಅತಿವೇಗ ಎಂದು ಬರೆದರು. ಗಂಡನ ಅಣ್ಣ ಹೆಣದ ಮುಂದೆಯೇ ಹೇಳಿಬಿಟ್ಟರು, “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋನು. ಯಾರ ಮಾತು ಕೇಳ್ದ ಅವ್ನು?” ಅತ್ತೆ ಅದನ್ನೇ ಹಿಡಿದುಕೊಂಡರು. ಬಂದವರಿಗೆಲ್ಲ ಅದನ್ನೇ ಹೇಳಿ ಕಣ್ಣೊರೆಸಿಕೊಂಡರು.

ಅವಳಿಗೆ ಮಾತ್ರ ಅದು ಗಂಟಲಿಂದ ಕೆಳಗೆ ಇಳಿಯಲಿಲ್ಲ. ಒಂದು ತಿರುಪು ಬಿಗಿಯಲು ಅರ್ಧ ದಿನ ತೆಗೆದುಕೊಳ್ಳುವ ಮನುಷ್ಯ. ಅವನಿಗೆಲ್ಲಿಯ ಅವಸರ? ಆದರೆ ಒಬ್ಬನೇ ಇದ್ದಾಗ ಹೇಗೆ ಓಡಿಸುತ್ತಿದ್ದ, ಅವಳೇನು ಕಂಡಿದ್ದಳೇ? ಅದೇ ಕೊರೆಯುತ್ತಿತ್ತು. ಜೋರಾಗಿ ಹೋಗಿದ್ದರೆ ಒಂದು ಸಲ ಬಾಯ್ತುಂಬ ಬೈದು ಸುಮ್ಮನಾಗುತ್ತಿದ್ದಳು. ಹೋಗಿರದಿದ್ದರೆ ಅದನ್ನೂ ತಿಳಿಯಬೇಕಿತ್ತು. ಯಾರನ್ನು ಕೇಳುವುದು?

ಅವಳ ಕೆಲಸ ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ. ದಿನಕ್ಕೆ ಇನ್ನೂರು ಬೆಡ್‌ಶೀಟು. ನಾಲ್ಕು ಮೂಲೆ ಕೂಡಿಸು, ಒತ್ತು, ಮಡಚು, ಪೇರಿಸು. ಕೈ ತನ್ನ ಪಾಡಿಗೆ ನಡೆಯುತ್ತದೆ, ತಲೆ ಖಾಲಿ. ಖಾಲಿ ತಲೆಯಲ್ಲಿ ಆ ತಿರುವೇ ಸುತ್ತುತ್ತಿತ್ತು. ಹಾಗಿರುವಾಗ ಒಬ್ಬಳು ನರ್ಸು, ಮಳೆಯಲ್ಲಿ ಗುಡ್ಡದ ರಸ್ತೆಯ ಮೇಲೆ ಬೈಕು ಓಡಿಸುವುದನ್ನು ಎರಡು ದಿನ ಹೇಳಿಕೊಡುತ್ತಾರಂತೆ, ತಾನು ಹೋಗುತ್ತೇನೆ ಎಂದಳು. ಇವಳು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು.

“ನಾನೂ ಬರ್ತೀನಿ.”

“ನಿಮಗೆ ಬೈಕೇ ಬರಲ್ವಲ್ಲ ಅಕ್ಕ!”

“ಮಳೆಗಾಲಕ್ಕೆ ಇನ್ನೂ ಐದು ತಿಂಗಳಿದೆ. ನೀನೇ ಕಲಿಸು.”

“ಸೊಂಟ ಮುರ್ಕೊಂಡ್ರೆ ನಾನೇ ಸೂಜಿ ಚುಚ್ಬೇಕಾಗುತ್ತೆ.”

“ಚುಚ್ಚು. ಅದಕ್ಕೇ ತಾನೆ ಸಂಬಳ ತಗೊಳ್ಳೋದು?”

ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಕಲಿತಳು. ಗಂಡನ ಬೈಕಿನಲ್ಲೇ. ನಲವತ್ತಾರನೇ ವಯಸ್ಸಿಗೆ ಲೈಸೆನ್ಸು ಬಂತು.

ಮಳೆಗಾಲ ಬಂತು. ಕಲಿಕೆಯ ಮೊದಲ ದಿನ, ಶನಿವಾರ ಬೆಳಿಗ್ಗೆ, ಮಳೆ ಧೋ ಎಂದು ಹೊಯ್ಯುತ್ತಿತ್ತು. ಮುಚ್ಚಿಹೋದ ಮರದ ಮಿಲ್ಲಿನ ಅಂಗಳದಲ್ಲಿ ಐದು ಜನ ಸೇರಿದ್ದರು. ಕಲಿಸುವವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು. ಅವರ ಹೊಟ್ಟೆಯ ಮೇಲೆ ರೈನ್‌ಕೋಟಿನ ಗುಂಡಿ ಕೂಡುತ್ತಿರಲಿಲ್ಲ. ಅವರು ಬೈಕು ಹತ್ತಲು ಬಿಡಲೇ ಇಲ್ಲ. ಎಲ್ಲರನ್ನೂ ರಸ್ತೆಗೆ ನಡೆಸಿಕೊಂಡು ಹೋಗಿ ಕಾಲು ಉಜ್ಜಿಸಿದರು. ಮೊದಲು ಬರೀ ಡಾಂಬರಿನ ಮೇಲೆ, ಆಮೇಲೆ ಬಿಳಿ ಗೆರೆಯ ಮೇಲೆ, ಆಮೇಲೆ ಕೊಳೆತ ಎಲೆ, ಟ್ರ್ಯಾಕ್ಟರ್ ಉದುರಿಸಿದ ಕೆಸರು.

“ನಿಮ್ಮ ಕಾಲು ಎಲ್ಲಿ ಜಾರುತ್ತೋ ಗಾಲೀನೂ ಅಲ್ಲೇ ಜಾರೋದು. ಮೊದಲು ಕಾಲಿಗೆ ಗೊತ್ತಾಗ್ಲಿ.”

ಅವಳಿಗೆ ಅದು ಬಹಳ ಹಿಡಿಸಿತು. ಬಿಳಿ ಗೆರೆಯ ಮೇಲೆ ನಾಲ್ಕು ಸಲ ಉಜ್ಜಿ ನೋಡಿದಳು. ಬಣ್ಣ ಯಾಕೆ ಜಾರುತ್ತೆ? ಮೊದಲ ಮಳೆ ಹೆಚ್ಚು ಜಾರುತ್ತೋ, ಹತ್ತನೇ ಮಳೆಯೋ? ಮುಂದಿನ ಬ್ರೇಕು ಹಿಡಿದರೆ ಏನಾಗುತ್ತೆ, ಹಿಂದಿನದಾದರೆ? ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಸುಸ್ತಾದರು.

“ಅಮ್ಮಾ, ನೀವು ಕಲಿಯೋಕೆ ಬಂದಿದ್ದೀರೋ, ನನ್ನನ್ನ ಪರೀಕ್ಷೆ ಮಾಡೋಕೋ?”

“ಎರಡಕ್ಕೂ ಅನ್ಕೊಳ್ಳಿ” ಎಂದಳು. ನರ್ಸು ಕಿಸಕ್ಕೆಂದಳು.

ಭಾನುವಾರ ಗುಡ್ಡ ಹತ್ತಿದರು. ಗಂಡ ಬಿದ್ದದ್ದು ಈ ಗುಡ್ಡದಲ್ಲಲ್ಲ, ಬೇರೆ ಕಡೆ. ಮುಂದೆ ನಾಲ್ವರು, ಅವರ ಹಿಂದೆ ಇವಳು, ಕೊನೆಗೆ ಮೇಷ್ಟ್ರು. ಈ ಸಲ ಕಣ್ಣು ಮುಚ್ಚುವ ಹಾಗಿರಲಿಲ್ಲ. ಕಣ್ಣು ಬಿಟ್ಟರೆ ತಿರುವು ಹೀಗಿರುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ರಸ್ತೆ ಮುಗಿದೇಹೋಯಿತು ಅನ್ನಿಸುತ್ತದೆ, ಹತ್ತಿರ ಹೋದರೆ ಮತ್ತೆ ಇರುತ್ತದೆ. ಆರು ತಿರುವು ದಾಟಿದಳು. ಏಳನೆಯದು ಎಡಕ್ಕಿತ್ತು. ಬೈಕು ಎಡಕ್ಕೆ ವಾಲಿತ್ತು. ಪೊದೆಯಿಂದ ನಾಯಿಯೊಂದು ನುಗ್ಗಿತು. ಕೈ ತಾನಾಗಿ ಮುಂದಿನ ಬ್ರೇಕು ಅಮುಕಿತು. ಅವಳು ನೆಲದ ಮೇಲಿದ್ದಳು.

ಜೋರು ನಡಿಗೆಯ ವೇಗವೂ ಇರಲಿಲ್ಲ. ಮೊಣಕೈ ತರಚಿತ್ತು, ಅಷ್ಟೇ. ಮೇಷ್ಟ್ರು ಬೈಕು ನಿಲ್ಲಿಸಿ ಓಡಿಬಂದರು. ನರ್ಸು “ಅಕ್ಕಾ!” ಎಂದು ಕಿರುಚಿಕೊಂಡು ವಾಪಸು ಬಂದಳು. ಬಿದ್ದ ಬೈಕಿಗೆ ಇಬ್ಬರೂ ಕೈ ಹಾಕಿದರು.

“ಮುಟ್ಬೇಡಿ!” ಎಂದಳು.

ಇಬ್ಬರೂ ಹಿಂದೆ ಸರಿದರು. ತಲೆಗೇನಾದರೂ ಪೆಟ್ಟಾಯಿತೇ ಎಂದು ನರ್ಸು ಅವಳ ಕಣ್ಣು ನೋಡಿದಳು. ಅವಳು ಎದ್ದು ಬೈಕಿನ ಸುತ್ತ ಒಂದು ಸುತ್ತು ಬಂದಳು. ತಿರುವಿನ ಒಳಬದಿ, ರಸ್ತೆಯ ಅಂಚಿನ ಹುಲ್ಲಿಗೆ ತಾಗಿ ಮಲಗಿತ್ತು. ಬಿದ್ದಲ್ಲೇ ಇತ್ತು. ಒಂದು ಮೊಳವೂ ಜಾರಿರಲಿಲ್ಲ.

“ಮೇಷ್ಟ್ರೇ, ನಾನು ಜೋರಾಗಿ ಬಂದಿದ್ರೆ ಇದು ಎಲ್ಲಿ ಬಿದ್ದಿರೋದು?”

ಮೇಷ್ಟ್ರು ರಸ್ತೆಯಾಚೆಯ ಚರಂಡಿ ತೋರಿಸಿದರು. “ಅಲ್ಲಿ. ಜೋರಾಗಿ ಬಂದೋನನ್ನ ತಿರುವು ಹೊರಗಡೆಗೇ ಎಸೆಯೋದು. ಅಷ್ಟು ದೂರ ಉಜ್ಜಿಕೊಂಡು ಹೋಗಿ ಅದರೊಳಗೆ.”

“ಒಳಗಡೆ ಬೀಳೋದೇ ಇಲ್ವಾ?”

“ನಿಧಾನಕ್ಕೆ ಬಂದು ಬ್ರೇಕ್ ಹಿಡಿದ್ರೆ ಬೀಳುತ್ತೆ. ನೀವು ಬಿದ್ರಲ್ಲ, ಹಾಗೆ.”

ಆಗ ಅವಳು ಹೇಳಿದಳು. ಆ ದಿನ ಸುದ್ದಿ ಕೇಳಿ ಅವಳು ಅಲ್ಲಿಗೆ ಮುಟ್ಟಿದಾಗ ಗಂಡನನ್ನು ಒಯ್ದಿದ್ದರು, ಬೈಕನ್ನು ಇನ್ನೂ ಎತ್ತಿರಲಿಲ್ಲ. ಎಡ ತಿರುವಿನ ಎಡಕ್ಕೆ, ಒಳಬದಿಗೇ, ಕಲ್ಲಿನ ಪಕ್ಕ ಮಲಗಿತ್ತು. ಟ್ಯಾಂಕು ನೆಗ್ಗಿರಲಿಲ್ಲ. ಹಿಂದೆ ಕಟ್ಟಿದ್ದ ತೂಕದ ಬಟ್ಟುಗಳ ಡಬ್ಬಿಯ ಮುಚ್ಚಳವೂ ತೆರೆದಿರಲಿಲ್ಲ.

ಮೇಷ್ಟ್ರು ಮುಖದ ನೀರು ಒರೆಸಿಕೊಂಡರು.

“ಆ ಜಾಗ ನಾನು ನೋಡಿಲ್ಲಮ್ಮ. ಆಣೆ ಇಟ್ಟು ಹೇಳೋಕೆ ಆಗಲ್ಲ. ಆದ್ರೆ ಅದು ಜೋರಾಗಿ ಓಡಿಸ್ಕೊಂಡು ಬಂದೋರ ಬೈಕಲ್ಲ. ಏನೋ ಅಡ್ಡ ಬಂದಿದೆ.”

ಅವಳು ಬೈಕು ಎತ್ತಿದಳು. ಅವರಿಬ್ಬರೂ ಕೈಕೊಟ್ಟರು. ಅಳು ಬರಲಿಲ್ಲ. ಅದರ ಬಗ್ಗೆ ಅವಳಿಗೇ ಆಶ್ಚರ್ಯವಾಯಿತು.

ಗುಡ್ಡದ ಮೇಲಿನ ಚಹಾ ಅಂಗಡಿಯ ಮಾಡಿನ ಕೆಳಗೆ ನಿಂತು ಅತ್ತೆಗೆ ಫೋನು ಮಾಡಿದಳು.

“ಅತ್ತೆ, ಅವ್ರು ಜೋರಾಗಿ ಹೋಗಿರ್ಲಿಲ್ಲ.”

“ಯಾರು ಹೇಳಿದ್ದು?”

“ನಾನೇ ಬಿದ್ದು ನೋಡ್ದೆ.”

“ಅಯ್ಯೋ ನಿನ್ ಮುಖಕ್ಕೆ! ಬಿದ್ಯಾ? ಪೆಟ್ಟಾಯ್ತಾ?”

“ಮೊಣಕೈ ಅಷ್ಟೇ. ಕೇಳಿ ಇಲ್ಲಿ.” ಒಳಬದಿ, ಹೊರಬದಿ, ಚರಂಡಿ, ಎಲ್ಲ ಹೇಳಿದಳು. ಫೋನು ಕಟ್ಟಾಯಿತೇ ಎಂದು ಎರಡು ಸಲ ಕಿವಿಯಿಂದ ತೆಗೆದು ನೋಡಿದಳು.

ಕೊನೆಗೆ ಅತ್ತೆ ಕೇಳಿದರು, “ಹಾಗಾದ್ರೆ ಏನು ಅಡ್ಡ ಬಂತು?”

“ಗೊತ್ತಿಲ್ಲ.”

“ಆ ತಿರುವಿನ ಹತ್ರ ಯಾರ್ದಾದ್ರೂ ಮನೆ ಇದ್ಯಾ?”

“ಒಂದು ಇದೆ.”

“ಅವ್ರನ್ನ ಯಾರಾದ್ರೂ ಕೇಳಿದ್ರಾ?”

“ಇಲ್ಲ.”

“ಎಂಥಾ ಜನಾನೋ! ಮುಂದಿನ ಭಾನುವಾರ ನನ್ನನ್ನ ಕರ್ಕೊಂಡು ಹೋಗು. ನಾನು ಕೇಳ್ತೀನಿ. ಹಿಂದೆ ಕೂತ್ಕೊಂಡ್ರೆ ಆಯ್ತಲ್ಲ.”

ಅತ್ತೆಗೆ ಎಪ್ಪತ್ತೊಂದು. ಮೆಟ್ಟಿಲು ಹತ್ತುವಾಗಲೇ ಮಂಡಿ ಹಿಡಿದುಕೊಳ್ಳುತ್ತಾರೆ. ಅವಳು ಫೋನು ಇಟ್ಟು ಮೇಷ್ಟ್ರ ಬಳಿಗೆ ಹೋದಳು. ಮಂಡಿ ಬಾಗದವರನ್ನು ಹಿಂದಿನ ಸೀಟಿಗೆ ಹತ್ತಿಸುವುದು ಹೇಗೆ ಎಂದು ಕೇಳಿದಳು.