ಅಕ್ಕನ ಏಳು ಕಲ್ಲಿನ ಸಾಮ್ರಾಜ್ಯ

ನಾನು ಚಿಕ್ಕವನಿದ್ದಾಗ ಒಂದು ದಿನ ಅಪ್ಪನ ಮುಂದೆ ನಿಜ ಹೇಳಬೇಕಾಗಿತ್ತು, ಹೇಳಲಿಲ್ಲ. ಅದರಿಂದ ನಮ್ಮ ಅಕ್ಕ ಒಂದು ಸಾಮ್ರಾಜ್ಯವನ್ನೇ ಕಳೆದುಕೊಂಡಳು. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು, ಚಂದ ಮಾಡಿ ಬರೆಯಲು ಬಾರದು. ಆದರೂ ಮೊಮ್ಮಕ್ಕಳೇ, ನಿಮಗಾಗಿ ಬರೆಯುತ್ತಿದ್ದೇನೆ.

ಅಪ್ಪ ತೆಲುಗು ನಾಡಿನ ಲಿಂಗಂಪಲ್ಲಿ ರೈಲು ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಮನೆಯ ಹಿಂದೆ ಆನೆಯಂಥ ಏಳು ಕಲ್ಲುಗಳಿದ್ದವು. ಬೆಳಿಗ್ಗೆ ಮುಟ್ಟಿದರೆ ನೀರಿನ ಮಡಕೆಯ ತಂಪು, ಮಧ್ಯಾಹ್ನ ಅಂಗಾಲು ಸುಡುವ ಬಿಸಿ. ಬಿರುಕುಗಳಲ್ಲಿ ಸೀತಾಫಲದ ಗಿಡಗಳು. ಅದೇ ಅಕ್ಕ ಕಟ್ಟಿದ ಸಾಮ್ರಾಜ್ಯ. ಓಣಿಯ ಹುಡುಗರೆಲ್ಲ ಸೈನಿಕರು, ಸೀತಾಫಲದ ಎಲೆ ಹೆಣೆದದ್ದೇ ಕಿರೀಟ. ಯುದ್ಧ ಯಾರ ಮೇಲೆ, ಸೆರೆ ಯಾರಿಗೆ ಎಂದು ಅಕ್ಕ ದಿನವೂ ಹೊಸದಾಗಿ ಹೇಳುತ್ತಿದ್ದಳು.

ಅಲ್ಲಿ ಒಂದೇ ಕಾಯಿದೆ. ಎಲ್ಲಕ್ಕಿಂತ ಎತ್ತರದ ಕಲ್ಲೇ ಸಿಂಹಾಸನ, ಅದನ್ನು ಏರಿದವರು ಹೊತ್ತು ಮುಳುಗುವ ತನಕ ನೆಲಕ್ಕೆ ಕಾಲಿಡುವಂತಿಲ್ಲ. ಇಟ್ಟರೆ, ಆಮೇಲೆ ಮೊದಲು ಹತ್ತಿದವರೇ ರಾಜರು. ಊಟವನ್ನೂ ಅಕ್ಕ ಕಲ್ಲಿನ ಮೇಲೇ ಮಾಡುತ್ತಿದ್ದಳು.

ಆ ದಿನ ಅಕ್ಕ ತನ್ನ ನಂತರ ರಾಜ್ಯ ಯಾರಿಗೆಂದು ಸಾರಿದಳು. ನನಗಲ್ಲ, ಪಕ್ಕದ ಮನೆಯ ತೆಲುಗು ಹುಡುಗಿಗೆ.

“ನಾ ನಿನ್ನ ತಮ್ಮ ಅಲ್ಲೇನು?” ಎಂದೆ.

“ತಮ್ಮ ಖರೆ. ಆದ್ರ ನೀ ಸಂಜಿತನಕ ಕುಂದ್ರೂದಿಲ್ಲ. ಹಸಿವಾತು ಅಂತ ಮನಿಗೆ ಓಡ್ತಿ.”

ಸೈನಿಕರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಸುಮ್ಮನೆ ಮನೆಯ ಕಡೆ ಹೋಗಿ, ತಿರುಗಿ ಓಡಿ ಬಂದು, “ಅಕ್ಕಾ, ಅಪ್ಪ ಕರಿಯಾಕತ್ತಾರ” ಎಂದೆ.

ಅಕ್ಕನಿಗೆ ಸಾಮ್ರಾಜ್ಯಕ್ಕಿಂತ ಅಪ್ಪ ದೊಡ್ಡವರು. ಕಿರೀಟ ತೆಗೆದಿಟ್ಟು ಇಳಿದು ಓಡಿದಳು. ನಾನು ಹತ್ತಿ ಕುಳಿತೆ.

ನಿದ್ದೆಗೆಟ್ಟ ಅಪ್ಪ ಕೆಂಪು ಕಣ್ಣಿನಲ್ಲಿ ಅಕ್ಕನ ಜೊತೆ ಹೊರಗೆ ಬಂದು ನನ್ನನ್ನು ಕೇಳಿದರು. “ನಾ ಕರದೆ ಅಂತ ನೀ ಹೇಳಿದೇನು?”

“ಇಲ್ರಿ ಅಪ್ಪ. ನಾ ಏನೂ ಹೇಳಿಲ್ಲ.”

ಅಪ್ಪ ಅಕ್ಕನ ಕಡೆ ತಿರುಗಿದರು. “ನಿದ್ದಿ ಕೆಡಿಸಿದ್ದಲ್ದ ಸುಳ್ಳು ಬ್ಯಾರೆ. ಇನ್ನ ಆ ಕಲ್ಲಿನ ಕಡೆ ಕಾಲಿಟ್ಟಿ ಅಂದ್ರ ನೋಡು.”

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋದಳು.

ಸೈನಿಕರು ನನ್ನ ಅಪ್ಪಣೆಗೆ ಕಾದರು. “ಯುದ್ಧ” ಎಂದೆ. “ಯಾರ ಮ್ಯಾಲ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಹೋದರು. ಕೊನೆಗೆ ಪಕ್ಕದ ಮನೆಯ ಹುಡುಗಿ, ನಿಮ್ಮಕ್ಕ ಇನ್ನು ಬರುವುದಿಲ್ಲವೇ ಎಂದು ತೆಲುಗಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಹೊರಟಳು. ಹೊಟ್ಟೆ ಹಸಿದಿತ್ತು. ಹೊತ್ತು ಮುಳುಗುವ ತನಕ ಕುಳಿತೇ ಇದ್ದೆ. ನೋಡಲು ಯಾರೂ ಇರಲಿಲ್ಲ. ಅಕ್ಕ ಮತ್ತೆಂದೂ ಕಲ್ಲು ಹತ್ತಲಿಲ್ಲ, ನನ್ನ ಜೊತೆ ಆಡಲೂ ಇಲ್ಲ.

ಮಕ್ಕಳೇ, ನಿಮ್ಮ ಫೋನಿನ ಆಟದಲ್ಲೂ ರಾಜರಿದ್ದಾರೆ. ಒಬ್ಬ ಸೋತರೆ ಬೆರಳಿನಿಂದ ಒತ್ತುತ್ತೀರಿ, ರಾಜ್ಯ ಮೊದಲಿನಿಂದ ಶುರುವಾಗುತ್ತದೆ. ನಮ್ಮದು ಹಾಗಾಗಲಿಲ್ಲ. ಆ ಕಲ್ಲುಗಳನ್ನು ಒಡೆದು, ಈಗ ನಾವಿರುವ ಈ ಫ್ಲ್ಯಾಟು ಕಟ್ಟಿದ್ದಾರೆ. ಹೋದ ವಾರ ಕಲಬುರಗಿಯಿಂದ ಬಂದ ದೊಡ್ಡಜ್ಜಿಯೇ ನನ್ನ ಅಕ್ಕ. ನೀವು ಸೋಫಾದ ಮೇಲೆ ಫೋನು ಹಿಡಿದು ಕುಳಿತಿದ್ದಿರಿ. ಅವಳು ಬಾಲ್ಕನಿಯಲ್ಲಿ ನಿಂತು, “ನಮ್ಮ ಕಲ್ಲು ಎಲ್ಲಿದ್ದುವೋ?” ಎಂದು ಕೇಳಿದಳು. ಕೈ ಮಾಡಿ ತೋರಿಸಲು ಹೋದವನು ಅವಳ ಕೈಯನ್ನೇ ಹಿಡಿದುಕೊಂಡೆ.

“ಅಕ್ಕಾ, ಅವತ್ತ ಅಪ್ಪ ನಿನ್ನ ಕರದಿರಲಿಲ್ಲ. ಅವರ ಮುಂದೂ ಸುಳ್ಳು ಹೇಳಿದಾಂವ ನಾನ. ನಂದು ತಪ್ಪಾತು, ಅಕ್ಕಾ.”