ಖಾಲಿ ತೋಳು ಹಿಡಿದು ಬಂದವಳು

ಮದುವೆಯ ಶಾಸ್ತ್ರಗಳ ಬಗ್ಗೆ ಯಾರಾದರೂ ದೊಡ್ಡದಾಗಿ ಮಾತಾಡಿದರೆ ನನಗೆ ಮೈ ಉರಿಯುತ್ತದೆ. ಆ ಉರಿ ಬೇರೆಯವರ ಮೇಲಷ್ಟೇ ಅಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು, ಜಗಳೂರಿನ ಹೆಣ್ಣಿನ ಮನೆಯ ಚಪ್ಪರದಲ್ಲಿ. ನಾವು ಚನ್ನಗಿರಿಯ ಅಡಿಕೆ ವ್ಯಾಪಾರದವರು. ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವುದು ಸೋದರಮಾವನ ಹಕ್ಕು. ಅವಳ ಸೋದರಮಾವ ಯುದ್ಧದಿಂದ ಮರಳಿದ ಸಿಪಾಯಿ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ, ಒಂದು ಕಣ್ಣು ಹೋಗಿತ್ತು, ತೊಡೆಯೊಳಗೆ ಶೆಲ್ಲಿನ ಚೂರು ಉಳಿದಿತ್ತು. ಹಾಗಿದ್ದೂ ನ್ಯಾಮತಿಯಲ್ಲಿ ಸೈಕಲ್ ಶಾಪ್ ಇಟ್ಟು, ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಒಂಟಿಗೈಲಿ ಪಂಕ್ಚರ್ ಹಾಕುತ್ತ, ತಂದೆಯಿಲ್ಲದ ಆ ಹುಡುಗಿಯನ್ನು ಓದಿಸಿದ್ದರು.

ಅವರು ಆಸ್ಪತ್ರೆಯಿಂದ ಬಂದಾಗ ಹೊನ್ನಾಳಿಯಲ್ಲಿ ಜನ ಅವರನ್ನು ಜೀಪಿನ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದ್ದರು. ಹಾರ ಹಾಕಿದವರಲ್ಲಿ ನನ್ನ ದೊಡ್ಡಪ್ಪನೂ ಒಬ್ಬ. ಚಪ್ಪರದಲ್ಲಿ ಅವರಿಗೆ ಅಡ್ಡ ನಿಂತವನೂ ಅವನೇ.

"ಎಡಗೈಲಿ ಹೆಣ್ಣು ತರಾಕೆ ಬರಲ್ಲ ರೀ. ಬ್ಯಾರೆ ಯಾರಾದ್ರೂ ಕರ್ಕಂಡು ಬರ್ಲಿ. ನೀವು ಊಟಕ್ಕೆ ಕುಂತ್ಕಳ್ರಿ."

ಸೋದರಮಾವ ದೊಡ್ಡಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅಳಿಯಂದ್ರು ಏನಂತೀರಿ?"

ಅದು ಎಂಥ ಕೈ ಎಂದು ನನಗೆ ಗೊತ್ತಿತ್ತು. ನಿಶ್ಚಿತಾರ್ಥದ ದಿನವೇ ಹುಡುಗಿಯ ತಾಯಿ ಹೇಳಿದ್ದರು: ಬಲಗೈ ಚೂರಾದ ಮೇಲೂ, ಬಿದ್ದಿದ್ದ ಜೊತೆಗಾರನ ಕಾಲರ್ ಹಿಡಿದು ಗುಂಡಿನ ನಡುವೆ ಎಳೆದು ತಂದದ್ದು ಆ ಎಡಗೈ. ಹೈಸ್ಕೂಲು ಓದಿದ ನಾನು, "ಹಿರಿಯರು ಹೇಳಿದಂಗೆ ಆಗ್ಲಿ" ಎಂದೆ.

ಜೀಪಿನ ಮೇಲೆ ನಿಂತು ಅವರು ಬೀಸಿದ್ದು ಯಾವ ಕೈ? ಆಗ ಜೈಕಾರ ಹಾಕಿದ ಬಾಯಿಗಳಿಗೆ ಅಪಶಕುನ ನೆನಪಾಗಲಿಲ್ಲ. ಗಡಿಯಲ್ಲಿ ಒಂದು ಜೀವ ಉಳಿಸಿದ ಕೈ ನಮ್ಮ ಚಪ್ಪರಕ್ಕೆ ಮೈಲಿಗೆಯಂತೆ!

ಹುಡುಗಿ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೇರ ಬಂದು, ಅವರ ಅಂಗಿಯ ಬಲಗಡೆ ಜೋಲುತ್ತಿದ್ದ ಖಾಲಿ ತೋಳನ್ನು ಮುಷ್ಟಿಯಲ್ಲಿ ಹಿಡಿದಳು.

"ಬಲಗೈ ಆಗ್ಬೇಕು, ಅಷ್ಟೇ ಅಲ್ಲನ್ರೀ? ನಡೀರಿ ಮಾವ."

"ಅದ್ರಾಗೆ ಕೈ ಎಲ್ಲೈತಮ್ಮ?" ಎಂದ ದೊಡ್ಡಪ್ಪ.

"ಎಲ್ಲೋತು ಅಂತ ಹಾರ ಹಾಕಿದೋರಿಗೆ ಗೊತ್ತಿರ್ಬೇಕು."

ದೊಡ್ಡಪ್ಪ ಪಕ್ಕಕ್ಕೆ ಸರಿದ. ಚೂರಿದ್ದ ಕಾಲನ್ನು ಎಳೆಯುತ್ತ, ಆದರೆ ಬೆನ್ನು ಬಾಗಿಸದೆ ಅವರು ನಡೆದು ಬಂದರು. ಅವಳನ್ನು ನನ್ನ ಪಕ್ಕ ನಿಲ್ಲಿಸಿ, ಏನೂ ಆಗದವರಂತೆ ನನ್ನ ಪೇಟವನ್ನು ಎಡಗೈಯಿಂದ ಸರಿಮಾಡಿದರು. ನಾನು ತಲೆ ತಗ್ಗಿಸಿದೆ. ಪೇಟಕ್ಕಾಗಿ ತಗ್ಗಿಸಿದೆ ಎಂದುಕೊಂಡರು ಜನ.

ಸೋದರಮಾವ ಬದುಕಿದ್ದಷ್ಟು ಕಾಲವೂ ನಾನು ಅವರ ಕ್ಷಮೆ ಕೇಳಲಿಲ್ಲ. ಮದುವೆಯ ಮರುದಿನದಿಂದ ಇವತ್ತಿನವರೆಗೂ ನನ್ನ ಹೆಂಡತಿ ನನಗೆ ಕಾಫಿ ಕೊಡುವುದು ಎಡಗೈಲಿ. ಮನೆಗೆ ಬಂದವರು ಯಾಕೆಂದು ಕೇಳಿದರೆ, "ಅವ್ರನ್ನೇ ಕೇಳ್ರಿ" ಎನ್ನುತ್ತಾಳೆ. ಇಷ್ಟು ವರ್ಷ ಏನೋ ಒಂದು ಹೇಳಿ ನಕ್ಕುಬಿಡುತ್ತಿದ್ದೆ. ಇನ್ನು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.